ಕೈಗೆ ಹತ್ತದ ಮುದ್ದೆ

ನುಂಗಿದ ತುತ್ತು ಗಂಟಲಲ್ಲೇ ನಿಂತುಬಿಟ್ಟಿತು. ಮುನಿವೆಂಕಟಪ್ಪ ಹೆಂಡತಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕಣ್ಣು ಕಣ್ಣು ಬಿಟ್ಟ. ಕೆಮ್ಮು ಬರಲಿಲ್ಲ, ದನಿಯೂ ಹೊರಡಲಿಲ್ಲ.

“ಅತ್ತೆ, ಏನ್ ಕೊಟ್ರಿ?” ಓಡಿಬಂದ ಸೊಸೆ ಹಂಸ ಮಾವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದತೊಡಗಿದಳು.

“ಒಂದೇ ಒಂದು ತುತ್ತು ಮುದ್ದೆ ಕಣೇ. ಮೂರು ವಾರದಿಂದ ಬರೀ ಗಂಜಿ. ಕಣ್ಣಲ್ಲೇ ಕೇಳ್ತಿದ್ರು,” ಎಂದಳು ಬೈರಮ್ಮ.

“ಅಂಟೋದು ಯಾವ್ದೂ ಕೊಡ್ಬೇಡಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?”

ಹೇಳಿದ್ದರು. ಲಕ್ವ ಹೊಡೆದು ಗಂಟಲು ಸೋತಿದೆ, ಅಂಟು ಪದಾರ್ಥ ತೋರಿಸಲೇಬೇಡಿ ಎಂದಿದ್ದರು. ಬೈರಮ್ಮ ತಲೆಯಾಡಿಸಿ ಬಂದು ಹಲಸಿನ ಹಣ್ಣು, ಬೆಲ್ಲದ ಪಾಕದ ಉಂಡೆ ಎಲ್ಲವನ್ನೂ ಅಟ್ಟಕ್ಕೇರಿಸಿದ್ದಳು. ಮುದ್ದೆಯ ಯೋಚನೆಯೇ ಅವಳಿಗೆ ಬರಲಿಲ್ಲ. ಅಂಟುವ ಮುದ್ದೆ ಎಂದರೆ ಬೇಯದ ಮುದ್ದೆ, ಮಾಡಿದವಳ ಮಾನ ಕಳೆಯುವ ಮುದ್ದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಕೈಗೆ ಹತ್ತಬಾರದು. ಐವತ್ತು ವರ್ಷ ಅವಳು ಹಾಗೆ ಮುಟ್ಟಿ ನೋಡಿಯೇ ಗಂಡನಿಗೆ ಬಡಿಸಿದ್ದಳು. ಇವತ್ತೂ ಮುಟ್ಟಿ ನೋಡಿದ್ದಳು.

“ಕೆ.ಆರ್. ಪುರಂ ತೂಗುಸೇತುವೆ ಹತ್ರ ಜಾಮ್ ಮೇಡಂ, ಬರ್ತಾ ಇದೀನಿ,” ಎಂದು ಹಂಸ ಕರೆ ಮಾಡಿದ್ದ ಆಂಬುಲೆನ್ಸಿನವನು ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ.

ಮಣಿಕಟ್ಟಿನ ಮೇಲಿದ್ದ ಹಿಡಿತ ತಾನಾಗಿಯೇ ಸಡಿಲವಾಯಿತು. ಬೈರಮ್ಮ ತುತ್ತು ಕೊಟ್ಟ ತನ್ನ ಆ ಕೈಯನ್ನು ಸೊಸೆಯ ಮುಖದ ಮುಂದೆ ಅಗಲಿಸಿ ಹಿಡಿದಳು.

“ನೋಡೇ, ಒಂಚೂರೂ ಅಂಟಿಲ್ಲ.”