ಒಬ್ಬರ ಕೈಯಲ್ಲೇ ಇದ್ದ ಪಿಸ್ತೂಲು

"ಬಾಗಿಲಿಗೆ ಚಿಲಕ ಹಾಕಿದೀನಿ. ಒಳಗೆ ನಾವಿಬ್ಬರೇ. ಈಗ ನಿಮ್ಮನ್ನ ಕೊಲ್ತೀನಿ," ಎಂದ ರಾಯ್ಸ್, ತನ್ನ ಸಾಧು ಮುಖವನ್ನು ಆದಷ್ಟು ಕೆಡಿಸಿಕೊಂಡು. "ಏನು ಮಾಡ್ತೀರಿ ಮೇಡಂ?"

ಗ್ಲೆಂಡಾಳ ಕೈಯಲ್ಲಿ, ಪಿಸ್ತೂಲು ತರಗತಿಯ ಮೇಷ್ಟ್ರಾದ ಅವನೇ ಪಾಠಕ್ಕೆಂದು ಕೊಟ್ಟ ನೀಲಿ ಪ್ಲಾಸ್ಟಿಕ್ ಪಿಸ್ತೂಲಿತ್ತು. ಅವಳು ಅದರಿಂದಲೇ ಗೋಡೆಯತ್ತ ತೋರಿಸಿದಳು. "ಅಡುಗೆಮನೆ ಕಿಟಕಿ ಪೂರ್ವಕ್ಕಿದೆ ಸರ್. ಪಾತ್ರೆ ತೊಳೆಯುವಾಗ ಎಳೆಬಿಸಿಲು ಬೀಳುತ್ತೆ."

"ಮೇಡಂ, ನಾನು ಕೊಲೆಗಾರ."

"ಇರಲಿ ಸರ್. ಹಿತ್ತಲಲ್ಲಿ ಸುಂಟರಗಾಳಿ ಬಂದ್ರೆ ಅಡಗೋಕೆ ಅಂತ ನೆಲಮಾಳಿಗೆ ಇದೆ, ಅದನ್ನೊಂದು ನೋಡಿಬಿಡಿ."

"ಮಲಗೋ ಕೋಣೆ ಎಷ್ಟಮ್ಮ?" ಎಂದು ಕೇಳಿದಳು ಹಿಂದೆ ಕೂತು ಡೋನಟ್ ತಿನ್ನುತ್ತಿದ್ದ ಮುದುಕಿ ಓಪಲ್.

ಗ್ಲೆಂಡಾ ಮನೆ ಮಾರಿಸುವ ಏಜೆಂಟು. ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾದರೆ ಅವಳ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಊರಾಚೆ ಜಲ್ಲಿ ರಸ್ತೆಯ ಕೊನೆಯಲ್ಲಿರುವ ಖಾಲಿ ಮನೆಯೊಂದು ವರ್ಷದಿಂದ ಅವಳ ಕೊರಳಿಗೆ ಗಂಟುಬಿದ್ದಿತ್ತು. ಈ ಸಂಜೆ, ಕೊನೆಗೂ ಒಬ್ಬ ನೋಡಲು ಬರುವವನಿದ್ದ. ಫೋನಿನಲ್ಲಿ ಕೇಳಿದ ದನಿ ಬಿಟ್ಟರೆ ಅವನ ಬಗ್ಗೆ ಏನೂ ಗೊತ್ತಿಲ್ಲ. ಕಚೇರಿಯ ಯಜಮಾನಿ ಖಡಾಖಂಡಿತವಾಗಿ ಹೇಳಿದ್ದಳು: ತರಗತಿಯ ಸರ್ಟಿಫಿಕೇಟು, ಕೈಚೀಲದಲ್ಲಿ ಪಿಸ್ತೂಲು, ಎರಡನ್ನೂ ತೋರಿಸಿದರೆ ಮಾತ್ರ ಬೀಗದ ಕೈ. ಇಲ್ಲವಾದರೆ ಕಚೇರಿಯ ಇನ್ನೊಬ್ಬ ಏಜೆಂಟು ಕರ್ಟಿಸ್ ಹೋಗುತ್ತಾನೆ. ಕರ್ಟಿಸ್ ಹೋದನೆಂದರೆ ಆ ಗಿರಾಕಿ ಮತ್ತೆ ಅವಳ ಕೈಗೆ ಸಿಗುವ ಮಾತಿಲ್ಲ.

ಓಪಲ್ ಸರದಿ ಬಂತು. ರಾಯ್ಸ್ ಮತ್ತೆ ಕೊಲೆಗಾರನಾಗಿ ಎರಡೂ ಕೈ ಎತ್ತಿ ಮೇಲೆ ಬೀಳುವವನಂತೆ ನಿಂತ. ಓಪಲ್ ಚೀಲಕ್ಕೆ ಕೈ ಹಾಕಿ ಪೆಪ್ಪರ್‌ಮಿಂಟು ತೆಗೆದಳು, ಕನ್ನಡಕದ ಡಬ್ಬಿ ತೆಗೆದಳು, ಅರ್ಧ ಹೆಣೆದ ಕಾಲುಚೀಲ ತೆಗೆದಳು.

"ಓಪಲ್ ಅಜ್ಜಿ, ಇಷ್ಟೊತ್ತಿಗೆ ನೀವು ಸತ್ತಿರ್ತಿದ್ರಿ."

"ತಡಿಯೋ ಸ್ವಲ್ಪ! ಯಾರ ಕಣ್ಣಿಗೂ ಬೀಳದ ಹಾಗೆ ಬಚ್ಚಿಡಿ ಅಂತ ಬೆಳಿಗ್ಗೆಯಿಂದ ಬಡ್ಕೊಂಡೋನು ನೀನೇ ತಾನೆ? ಬಚ್ಚಿಟ್ಟಿದೀನಿ. ಈಗ ನನಗೇ ಸಿಗ್ತಿಲ್ಲ."

ಎತ್ತಿದ ಕೈ ನೋಯತೊಡಗಿ ರಾಯ್ಸ್ ಕುರ್ಚಿ ಎಳೆದುಕೊಂಡು ಕೂತ. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಸರ್ಟಿಫಿಕೇಟು ಬರೆದುಕೊಟ್ಟ. ಗುರಿಯ ಪಾಠದಲ್ಲಿ ಗ್ಲೆಂಡಾ ಕಾಗದದ ಮನುಷ್ಯನ ಕಿವಿ ಹಾರಿಸಿದ್ದಳು; ಅಷ್ಟಾದರೆ ಅವನಿಗೆ ತೃಪ್ತಿ. ತರಗತಿ ಅವನದೇ ಪಿಸ್ತೂಲಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಾಲು ಮುಂದಿನ ಕೋಣೆಯಲ್ಲಿ. ನಡುವಿನ ಬಾಗಿಲು ದಾಟುತ್ತಲೇ ಮೇಷ್ಟ್ರು ಹೋಗಿ ಅಂಗಡಿಯವನಾದ.

"ಇದು ನೋಡಿ, ಮುದ್ದಾಗಿ, ಅಡಕವಾಗಿದೆ." ಗ್ಲೆಂಡಾಗೆ ಒಳಗೊಳಗೇ ನಗು ಬಂತು. ಅವಳ ಕಸುಬಿನಲ್ಲಿ ಹಾಗೆಂದರೆ ಕಿಷ್ಕಿಂಧೆ. ಹಿಡಿದು ನೋಡಿದಳು, ಕಿರುಬೆರಳಿಗೆ ಜಾಗವೇ ಇರಲಿಲ್ಲ.

"ಹಾಗಾದ್ರೆ ಇದು. ಇದರದ್ದೊಂದು ಗತ್ತೇ ಬೇರೆ." ಅಂದರೆ ಹಳೆಯದು, ರಿಪೇರಿಯವರೂ ಸಿಗುವುದಿಲ್ಲ.

"ಇದು ಸ್ವಲ್ಪ ಕೈ ಪಳಗಬೇಕು." ಅಂದರೆ ನಾಳೆಯೇ ವಾಪಸು ತರುತ್ತೀರಿ. ಇಂಥ ಮಾತುಗಳಿಂದಲೇ ಅವಳು ಸೋರುವ ಸೂರು, ಓರೆ ಗೋಡೆಗಳನ್ನೆಲ್ಲ ದಾಟಿಸಿದವಳು.

ಗಾಜಿನ ಪೆಟ್ಟಿಗೆಯ ಮೂಲೆಯಲ್ಲೊಂದು ಕರಿಯ ಪಿಸ್ತೂಲಿತ್ತು. ಎತ್ತಿಕೊಂಡರೆ ಅವಳ ಅಂಗೈಗೆಂದೇ ಎರಕ ಹೊಯ್ದಂತಿತ್ತು. "ಒಳ್ಳೆ ಕಣ್ಣು ಮೇಡಂ ನಿಮ್ದು," ಎಂದ ರಾಯ್ಸ್. "ಸೆಕೆಂಡ್ ಹ್ಯಾಂಡ್ ನಿಜ, ಆದ್ರೆ ಒಬ್ಬರ ಕೈಯಲ್ಲೇ ಇದ್ದದ್ದು. ಮನೆಯಲ್ಲೇ ಇಟ್ಟಿದ್ರು. ಒಂದು ಗೀರಿಲ್ಲ."

ಗಡಿಯಾರ ನಾಲ್ಕರತ್ತ ಹೊರಟಿತ್ತು. ಗ್ಲೆಂಡಾ ಬ್ಯಾಂಕಿನ ಕಾರ್ಡು ತೆಗೆದು ಗಾಜಿನ ಮೇಲಿಟ್ಟಳು. ಸರಿಯಾಗಿ ಇದೇ ಗಳಿಗೆಯಲ್ಲಿ, ಮನೆಯ ಪತ್ರಕ್ಕೆ ರುಜು ಹಾಕಲು ಪೆನ್ನು ಹಿಡಿದವರು ತಲೆಯೆತ್ತಿ ಅವಳನ್ನು ಒಂದು ಮಾತು ಕೇಳುವುದುಂಟು. ಆ ಮಾತು ಈಗ ಅವಳ ಬಾಯಿಂದಲೇ ಜಾರಿಬಿತ್ತು.

"ಇದರಲ್ಲಿ ಯಾರಾದ್ರೂ ಸತ್ತಿದ್ದಾರಾ?"

ಪಿಸ್ತೂಲು ಒರೆಸುತ್ತಿದ್ದ ರಾಯ್ಸನ ಕೈ ನಿಂತಿತು. ಅವನು ಗಿರಾಕಿಯ ಮನಸ್ಸು ಯಾವ ಕಡೆ ವಾಲಿದೆಯೆಂದು ಅಳೆಯುವವನಂತೆ ಅವಳ ಮುಖವನ್ನೇ ನೋಡಿದ. ಆ ನೋಟದ ಗುರುತು ಗ್ಲೆಂಡಾಗೆ ಚೆನ್ನಾಗಿಯೇ ಇತ್ತು.

ಕೊನೆಗೆ ಅವನು ತುಂಬ ವಿನಯದಿಂದ ಕೇಳಿದ, "ನಿಮಗೆ ಹೇಗಿದ್ರೆ ಅನುಕೂಲ, ಮೇಡಂ?"