ಕೈಗುಣ

"ಇದಕ್ಕೆ ಮೊದಲು ಯಾವ ಡಾಕ್ಟ್ರಿಗೆ ತೋರಿಸಿದ್ರಿ?" ಚಿಕ್ಕಮಗಳೂರಿನ ಆಸ್ಪತ್ರೆಯ ಡಾಕ್ಟರು ಕೇಳಿದರು. ಮಂಚದ ಮೇಲಿದ್ದ ಶಂಕರಮ್ಮ, ಪಕ್ಕದಲ್ಲಿ ನಿಂತಿದ್ದ ತೋಟದ ಒಡತಿ ತ್ರಿಪುರಸುಂದರಮ್ಮನವರನ್ನು ಹೆಮ್ಮೆಯಿಂದ ನೋಡಿದಳು.

"ಡಾಕ್ಟ್ರು ಯಾಕೆ ಸ್ವಾಮಿ? ಏನೇ ಆದ್ರೂ ನಮ್ಮಮ್ಮೋರೇ ಮಾತ್ರೆ ಕೊಡ್ತಾರೆ. ಅವ್ರ ಕೈಗುಣ ನಮ್ಮ ಇಡೀ ಸಂಸೆ ಊರಿಗೇ ಗೊತ್ತು."

ಕಳೆ ಸವರುವಾಗ ಕತ್ತಿ ತಾಗಿ ಆದ ಗಾಯ. ಈಗ ಕಾಲು ಮೊಣಕಾಲಿನ ತನಕ ಊದಿ ಕಪ್ಪಾಗಿತ್ತು. ಅಮ್ಮನವರು ಎಂದಿನಂತೆ ಬಿಸ್ಕತ್ತಿನ ಡಬ್ಬಿ ತೆಗೆದು, ಕೆಂಪು-ಕಪ್ಪು ಕ್ಯಾಪ್ಸೂಲಿನ ಪಟ್ಟಿಯಿಂದ ಎರಡನ್ನು ಕತ್ತರಿಸಿ ಕೊಟ್ಟಿದ್ದರು. ಆಳುಗಳಿಗೆ ಜ್ವರ ಬರಲಿ, ಕೆಮ್ಮು ಬರಲಿ, ಅದೇ ಡಬ್ಬಿ, ಅದೇ ಕತ್ತರಿ. ಸ್ವಲ್ಪ ಗುಣ ಕಂಡರೆ ಸಾಕು, ಉಳಿದದ್ದು ವಾಪಸು ಡಬ್ಬಿಗೆ. ಜಿಪುಣತನವಲ್ಲ, ಪಾಪ, ಇನ್ನೊಬ್ಬರಿಗಾಗಲಿ ಎಂದು. "ಜ್ವರ ಬಿಟ್ಟ ಮೇಲೂ ಮಾತ್ರೆ ನುಂಗೋದು, ಮಳೆ ನಿಂತ ಮೇಲೆ ಕೊಡೆ ಹಿಡಿದ ಹಾಗೆ" ಎನ್ನುತ್ತಿದ್ದರು. ಜನ ಕೈಗುಣ ಹೊಗಳಿದರೆ ಬೇಡವೆನ್ನುತ್ತಲೂ ಇರಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಡಾಕ್ಟರು ಅವರನ್ನು ಬಾಗಿಲಾಚೆ ಕರೆದರು. "ಪೂರ್ತಿ ಕೋರ್ಸ್ ಕೊಡ್ತಿದ್ರಾ ಅಮ್ಮ?"

"ಕಮ್ಮಿ ಆದ ಮೇಲೆ ಸುಮ್ನೆ ಯಾಕೆ ಅಂತ..."

"ಅರೆಬರೆ ಕೊಟ್ರೆ ಬಡ ರೋಗಾಣು ಸಾಯ್ತವೆ, ಗಟ್ಟಿಯವು ಉಳ್ಕೊಂಡು ಬೆಳೀತವೆ. ಇವಳ ಗಾಯದಲ್ಲಿರೋದು ನಿಮ್ಮ ಕ್ಯಾಪ್ಸೂಲಿಗೂ ಬಗ್ಗಿಲ್ಲ, ನನ್ನ ಇಂಜೆಕ್ಷನ್ನಿಗೂ ಬಗ್ತಿಲ್ಲ. ಜೀವ ಉಳೀಬೇಕಾದ್ರೆ ನಾಳೆ ಕಾಲು ತೆಗೀಬೇಕು."

ತ್ರಿಪುರಸುಂದರಮ್ಮ ನಾಚಿಕೆಯಿಂದ ಭೂಮಿಗಿಳಿದು ಹೋದರು. ಗೊತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ಗೊತ್ತಿದ್ದವರ ಹಾಗೆ ಇಷ್ಟು ವರ್ಷ ಕೊಟ್ಟದ್ದು ಯಾರು? ಒಳಗೆ ಹೋಗಿ ಶಂಕರಮ್ಮನಿಗೆ ಎಲ್ಲ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡೇ ಬಂದರು.

"ನಿನ್ನ ಕಾಲು... ನನ್ನಿಂದಲೇ ಕಣೇ ಶಂಕ್ರಿ. ನಾನು ಕೊಟ್ಟ ಮಾತ್ರೆಯಿಂದ."

"ಬಿಡ್ತು ಅನ್ನಿ ಅಮ್ಮ!" ಶಂಕರಮ್ಮ ನೋವಿನಲ್ಲೂ ನಕ್ಕಳು. "ದೊಡ್ಡೋರು ಹಂಗೆಲ್ಲ ಅನ್ಬಾರ್ದು. ಈ ಡಾಕ್ಟ್ರಿಗೆ ಕೈಗುಣ ಸಾಲ್ದು, ಅಷ್ಟೇ. ಡಬ್ಬಿ ತಂದಿದೀರಲ್ಲ? ನಿಮ್ ಕೈಯಾರೆ ಎರಡು ಕೊಡಿ, ನಾಳೆಗೆ ಇಳಿದೋಗುತ್ತೆ."

ಅವಳು ಅಂಗೈ ಚಾಚಿದಳು. ತ್ರಿಪುರಸುಂದರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು.