ಗುಣವಾದವಳ ಹೆಸರು

ಬೇಕರಿಯವನು ದರ್ಜಿಯ ಹೆಸರಿನ ಮೇಲೆ ಗೀಟು ಎಳೆಯಲು ಪೆನ್ಸಿಲ್ ಎತ್ತಿದ್ದ. ಅಷ್ಟರಲ್ಲಿ ದರ್ಜಿಯೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಶನಿವಾರ ಮಧ್ಯಾಹ್ನ. ಬ್ರೆಡ್ಡೆಲ್ಲ ಖಾಲಿಯಾಗಿ ತಟ್ಟೆಗಳಲ್ಲಿ ಬರೀ ಪುಡಿ ಉಳಿದಿತ್ತು. ಭಾನುವಾರ ಚರ್ಚಿನ ಆರಾಧನೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥನೆ ನಡೆಸುವುದು ಹನ್ನೆರಡು ವರ್ಷಗಳಿಂದ ಅವನ ಪಾಲಿಗೆ ಬಂದ ಕೆಲಸ. ಅವನು ಒಂದೊಂದೇ ಹೆಸರು ಓದಬೇಕು, ಪ್ರತಿ ಹೆಸರಿಗೂ ಇಡೀ ಸಭೆ "ಕರ್ತನೇ, ಆಲಿಸು" ಎನ್ನಬೇಕು. ಎಲ್ಲ ಹೆಸರನ್ನೂ ಒಟ್ಟಿಗೆ ಓದಿ ಮುಗಿಸಬಾರದೇ ಎಂದು ಪಾದ್ರಿಗಳು ಒಮ್ಮೆ ಕೇಳಿದ್ದಕ್ಕೆ, "ಬನ್ನು ಒಟ್ಟಿಗೆ ಬೇಯಿಸಬಹುದು ಅಯ್ಯಾ, ಕಾಯಿಲೆ ಒಬ್ಬೊಬ್ಬರದು ಒಂದೊಂದು" ಎಂದು ಅವರ ಬಾಯಿ ಮುಚ್ಚಿಸಿದ್ದ.

"ನೂರು ವರ್ಷ ಆಯಸ್ಸು ನಿನಗೆ!" ಎಂದ. "ಈಗ ತಾನೇ ನಿನ್ನನ್ನ ರೋಗಿಗಳ ಪಟ್ಟಿಯಿಂದ ಬಿಡುಗಡೆ ಮಾಡ್ತಿದ್ದೆ. ಎದೆ ಪೂರ್ತಿ ವಾಸಿ ಅಂದ್ರಂತಲ್ಲ ಡಾಕ್ಟರು?"

"ಅಂದ್ರು. ಅದಕ್ಕೇ ಓಡಿ ಬಂದೆ ಅಣ್ಣಾ. ಹೆಸರು ತೆಗೀಬೇಡ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಒಂಬತ್ತು ತಿಂಗಳ ಹಿಂದೆ ಎರಡು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಿದ್ದ ಹೆಂಗಸು ಈಗ ಏರುರಸ್ತೆಯನ್ನು ಓಡಿಕೊಂಡೇ ಹತ್ತಿ ಬಂದಿದ್ದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಜೋತಾಡುತ್ತಿತ್ತು. "ಗುಂಡುಕಲ್ಲಿನ ಹಾಗಿದ್ದೀಯ. ದೇವರ ಮುಂದೆ ನಿಂತು ನಿನ್ನನ್ನ ರೋಗಿ ಅನ್ನಲಾ? ಆಮೇಲೆ ನಾನು ಯಾರ ಹೆಸರು ಓದಿದ್ರೂ ಮೇಲಿರೋನು ನಂಬ್ತಾನಾ?"

ದರ್ಜಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನನ್ನ ಓರಗಿತ್ತಿ..." ಎಂದು ಶುರುಮಾಡಿದಳು. ಅವನು ಪೆನ್ಸಿಲ್ ಕೆಳಗಿಟ್ಟ. ಆ ಕತೆ ಯಾರಿಗೆ ಗೊತ್ತಿಲ್ಲ? ಅತ್ತೆ ತೀರಿಕೊಂಡ ದಿನ ಹೆಣಕ್ಕೆ ಬಿಳಿ ಬಟ್ಟೆ ಹಾಕಬೇಕೋ ನೀಲಿಯೋ ಎಂದು ಇಬ್ಬರು ಸೊಸೆಯರೂ ಹಾವು ಮುಂಗುಸಿಯಾಗಿದ್ದರು. ಅತ್ತೆ ನೀಲಿಯಲ್ಲಿ ಮಣ್ಣಾಗಿ ಒಂಬತ್ತು ವರ್ಷ ಕಳೆದಿತ್ತು. ಇವರಿಬ್ಬರ ನಡುವೆ ಮಾತ್ರ ಒಂದು ಮಾತೂ ಹುಟ್ಟಿರಲಿಲ್ಲ.

"ಅವಳು ನನಗಿಂತ ನಾಲ್ಕು ಸಾಲು ಹಿಂದೆ ಕೂರ್ತಾಳೆ" ಎಂದಳು ದರ್ಜಿ. "ನೀನು ನನ್ನ ಹೆಸರು ಓದಿದಾಗ ಎಲ್ಲರೂ 'ಆಲಿಸು' ಅಂತಾರಲ್ಲ, ಅದರಲ್ಲಿ ಅವಳ ಗಂಟಲು ನನಗೆ ಬೇರೆಯಾಗಿ ಕೇಳುತ್ತೆ. ಕಂಚಿನ ಗಂಟಲು ಅವಳದು. ವಾರವೆಲ್ಲ ಅದಕ್ಕೇ ಕಾಯ್ತೀನಿ."

"ಹುಚ್ಚಿ. ಎಲ್ಲರ ಜೊತೆ ಅವಳೂ ಅಂತಾಳೆ. ಪಟ್ಟಿಯಲ್ಲಿ ಯಾರಿದ್ದರೂ ಅಂತಾಳೆ."

"ಇರಬಹುದು. ಆದ್ರೂ ಬೇಕು."

ಪ್ರಾರ್ಥನೆ ಮೇಲಕ್ಕೆ ಹೋಗುತ್ತದೆ ಎಂದಷ್ಟೇ ಬೇಕರಿಯವನು ಇಷ್ಟು ವರ್ಷ ತಿಳಿದಿದ್ದ. ನಾಲ್ಕು ಸಾಲು ಮುಂದಕ್ಕೂ ಹೋಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ತಲೆ ಕೆರೆದುಕೊಂಡ, ಕೈಯಲ್ಲಿದ್ದ ಹಿಟ್ಟು ಕೂದಲಿಗೆ ಹತ್ತಿತು. "ಒಂದು ಕೆಲಸ ಮಾಡ್ತೀನಿ. ಒಳ್ಳೇದಾದೋರ ಸ್ತೋತ್ರದ ಪಟ್ಟಿಗೆ ಸೇರಿಸ್ತೀನಿ. ಹೆಸರು ಓದಿದ ಹಾಗೂ ಆಯ್ತು, ಸುಳ್ಳು ತಪ್ಪಿದ ಹಾಗೂ ಆಯ್ತು. ಸಭೆ 'ನಿನಗೆ ಸ್ತೋತ್ರ' ಅನ್ನುತ್ತೆ, ಅವಳೂ ಅಂತಾಳೆ."

"ಅಲ್ಲೇ ಇರೋದು ಭಯ" ಎಂದಳು ದರ್ಜಿ. "ಸಾಯೋಳಿಗೋಸ್ಕರ ಯಾರು ಬೇಕಾದ್ರೂ ಬೇಡ್ಕೋತಾರೆ ಅಣ್ಣಾ. ಬದುಕಿ ಎದ್ದೋಳಿಗೋಸ್ಕರ ಸ್ತೋತ್ರ ಹೇಳೋಕೆ ಮನಸ್ಸು ಬೇಕು. ಅವಳು ಬಾಯಿ ಮುಚ್ಕೊಂಡು ಕೂತ್ರೆ?"

ಬೇಕರಿಯವನು ತನಗೆಂದು ಎತ್ತಿಟ್ಟಿದ್ದ ಬೆಳಗಿನ ಬನ್ನನ್ನೇ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ.

ಭಾನುವಾರ ಸ್ತೋತ್ರದ ಪಟ್ಟಿಯೇ ಮೊದಲು. ಅಂಚೆಯವನ ಮನೆಯ ಹೊಸ ಮಗು ಆಯಿತು, ಶಾಲಾ ಟೀಚರಿಗೆ ಮತ್ತೆ ಕಣ್ಣು ಕಾಣಿಸಿದ್ದು ಆಯಿತು. ಎರಡಕ್ಕೂ ಸಭೆ "ನಿನಗೆ ಸ್ತೋತ್ರ" ಎಂದಿತು. ಮೂರನೆಯ ಹೆಸರಿಗೆ ಬರುವಾಗ ಬೇಕರಿಯವನು ಪಟ್ಟಿಯಿಂದ ಕಣ್ಣೆತ್ತಿ ನೋಡಿದ. ದರ್ಜಿಯ ಹೆಗಲು ಕಿವಿಯವರೆಗೆ ಏರಿತ್ತು. ನಾಲ್ಕು ಸಾಲು ಹಿಂದೆ ಓರಗಿತ್ತಿ ಕಣ್ಣು ಬಿಗಿಯಾಗಿ ಮುಚ್ಚಿ, ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವನು ದರ್ಜಿಯ ಹೆಸರು ಓದಿದ.

"ನಿನಗೆ ಸ್ತೋತ್ರ" ಎಂದಿತು ಸಭೆ.

"ಕರ್ತನೇ, ಆಲಿಸು!" ಎಂದಿತು ಒಂದೇ ಒಂದು ಕಂಚಿನ ಗಂಟಲು, ಎಲ್ಲರಿಗಿಂತ ಜೋರಾಗಿ.

ಹಾಡಿನವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಬೆಂಚಿನಿಂದ ಬೆಂಚಿಗೆ ಹರಿಯಿತು, ಪಾದ್ರಿಗಳೂ ಪುಸ್ತಕ ಎತ್ತಿ ಮುಖ ಮರೆಮಾಡಿಕೊಂಡರು. ಓರಗಿತ್ತಿ ಕಣ್ಣು ಬಿಟ್ಟಳು. ಕಿವಿಯ ತುದಿಯವರೆಗೂ ಕೆಂಪಾಗಿ, ಸುತ್ತಲಿನವರನ್ನು ಬಿಟ್ಟು, ಹಿಂತಿರುಗಿ ನೋಡುತ್ತಿದ್ದ ದರ್ಜಿಯನ್ನೇ ದುರುಗುಟ್ಟಿದಳು.

"ಏನೇ, ವಾಸಿಯಾದದ್ದು ನನಗೊಂದು ಮಾತು ಹೇಳಬಾರದಿತ್ತಾ? ಈ ಶುಕ್ರವಾರವೂ ಉಪವಾಸ ಇದ್ದೆನಲ್ಲೇ!"